ಅರ್ಜಿಗೆ ಕಿವಿಯಿಲ್ಲದ ಸೀಮೆ

ಶಿಕಾರಿಪುರ ತಾಲ್ಲೂಕಿನ ಬಂದಳಿಕೆಯನ್ನು ನೀವು ನೋಡಿದ್ದರೆ, ಗಿಡಮರಗಳ ನಡುವೆ ನಿಂತ ಅಲ್ಲಿನ ಹಳೆಯ ಗುಡಿಗಳೂ ಬಸದಿಯೂ ನೆನಪಿನಲ್ಲಿದ್ದೀತು. ಆ ಊರಿನ ಶಾಸನಗಳಲ್ಲಿ ಒಂದು ಹತ್ತನೆಯ ಶತಮಾನದ ಆರಂಭಕ್ಕೆ ಸೇರಿದ್ದು. ಅದು ರಾಷ್ಟ್ರಕೂಟರ ಕಾಲ. ಇಂದಿನ ಶಿಕಾರಿಪುರ, ಸೊರಬ ತಾಲ್ಲೂಕುಗಳ ಹಲವು ಊರುಗಳನ್ನೊಳಗೊಂಡ ನಾಡಿಗೆ ಆಗ ನಾಗರಖಂಡ ಎಪ್ಪತ್ತು ಎಂದು ಹೆಸರು. ಅದರ ನಾಳ್ಗಾವುಂಡನಾಗಿದ್ದ ಸತ್ತರಸ ನಾಗಾರ್ಜುನನು ಮಡಿದ ಮೇಲೆ ಆ ಅಧಿಕಾರವನ್ನು ಅವನ ಹೆಂಡತಿ ಜಕ್ಕಿಯಬ್ಬೆಗೆ ಕೊಟ್ಟರೆಂದೂ, ಆಕೆ ನಾಡನ್ನು ಚೆನ್ನಾಗಿ ಕಾಪಾಡಿದಳೆಂದೂ, ಕಡೆಗೆ ರೋಗ ಬಂದಾಗ ಬಂದಳಿಕೆಯಲ್ಲಿ ಸಲ್ಲೇಖನ ವ್ರತ ಹಿಡಿದು ದೇಹವನ್ನು ಬಿಟ್ಟಳೆಂದೂ ಆ ಕಲ್ಲು ಹೇಳುತ್ತದೆ.

ಒಳ್ಳೆಯ ಅಧಿಕಾರಿಯ ಹೆಸರು ಹೀಗೆ ಸಾವಿರ ವರ್ಷ ಉಳಿಯಿತು. ಕೆಟ್ಟ ಅಧಿಕಾರಿಯ ಗತಿ ಏನು? ಬಿ.ಎಲ್. ರೈಸ್ ಅವರು ಶಿವಮೊಗ್ಗ ಜಿಲ್ಲೆಯ ಶಾಸನಗಳನ್ನು ಸಂಗ್ರಹಿಸಿ ಎರಡು ದಪ್ಪ ಸಂಪುಟಗಳಲ್ಲಿ ಅಚ್ಚು ಹಾಕಿಸಿದರು. ಅವುಗಳ ಪುಟ ತಿರುವಿದರೆ ದಾನ, ದತ್ತಿ, ಕೆರೆಕಟ್ಟೆ, ವೀರಗಲ್ಲು, ಮಾಸ್ತಿಗಲ್ಲು, ಹೊಗಳಿಕೆ ಇವೇ ಹೆಚ್ಚಾಗಿ ಕಾಣುತ್ತವೆ. ಇದು ಸಹಜವೇ. ಕಲ್ಲು ಕೆತ್ತಿಸುವುದಕ್ಕೆ ಹಣ ಬೇಕು, ನಿಲ್ಲಿಸುವುದಕ್ಕೆ ಅಧಿಕಾರ ಬೇಕು. ದೂರು ಹೇಳುವವನಿಗೆ ಎರಡೂ ಇರುವುದಿಲ್ಲ. ಆತನ ಮಾತು ಜಗಲಿಯ ಮೇಲೆ ಹುಟ್ಟಿ ಜಗಲಿಯ ಮೇಲೆಯೇ ಸಾಯುತ್ತದೆ. ಯಾರಾದರೂ ಕೇಳಿ ಬರೆದಿಟ್ಟುಕೊಂಡರೆ ಮಾತ್ರ ಅದು ಚರಿತ್ರೆಗೆ ಬರುತ್ತದೆ.

ಈ ಮಲೆನಾಡು ಸೆರಗಿನ ಜನರ ದೂರನ್ನು ಒಮ್ಮೆ ಹಾಗೆ ವಿಸ್ತಾರವಾಗಿ ಬರೆದುಕೊಂಡರು. ಅದು ನಡೆದದ್ದು 1833ರಲ್ಲಿ. ಆದರೆ ಬರೆದುಕೊಳ್ಳುವ ಹೊತ್ತಿಗೆ ತುಂಬ ತಡವಾಗಿತ್ತು. ಹಳ್ಳಿಗಳು ಉರಿದಿದ್ದವು, ಜನ ಸತ್ತಿದ್ದರು, ಒಬ್ಬ ದೊರೆ ರಾಜ್ಯಭಾರವನ್ನೇ ಕಳೆದುಕೊಂಡಿದ್ದರು. ಆ ಕಥೆಯನ್ನೇ ಈಗ ನಿಮ್ಮ ಮುಂದಿಡುತ್ತೇನೆ. ಇಂದು ನಮ್ಮಲ್ಲಿ ಯಾರಾದರೂ ತಾಲ್ಲೂಕು ಕಚೇರಿಯ ಮೇಲೋ ಪಂಚಾಯತಿಯ ಮೇಲೋ ಒಂದು ದೂರು ಬರೆದು ಕೊಡಬಹುದಾಗಿದ್ದರೆ, ಆ ಸೌಕರ್ಯದ ಬೆಲೆ ಎಷ್ಟೆಂಬುದು ಈ ಕಥೆಯಿಂದ ತಿಳಿಯುತ್ತದೆ.

1799ರಲ್ಲಿ ಟಿಪ್ಪು ಸುಲ್ತಾನನು ಶ್ರೀರಂಗಪಟ್ಟಣದಲ್ಲಿ ಮಡಿದ ಮೇಲೆ ಮೈಸೂರು ಒಡೆಯರ ಮನೆತನಕ್ಕೆ ರಾಜ್ಯ ಹಿಂದಿರುಗಿತು. ಮೂರನೆಯ ಕೃಷ್ಣರಾಜ ಒಡೆಯರು ಆಗ ಐದು ವರ್ಷದ ಬಾಲಕರು. ದಿವಾನ್ ಪೂರ್ಣಯ್ಯನವರು ಹನ್ನೊಂದು ಹನ್ನೆರಡು ವರ್ಷ ಆಡಳಿತ ನಡೆಸಿ, ಆಮೇಲೆ ಅಧಿಕಾರವನ್ನು ದೊರೆಗಳಿಗೆ ಒಪ್ಪಿಸಿದರು. ಇಂಗ್ಲಿಷ್ ಕಂಪನಿಗೆ ವರ್ಷಕ್ಕೆ 7 ಲಕ್ಷ ವರಹ ಪೊಗದಿ ಸಲ್ಲಿಸಬೇಕೆಂಬುದು ಒಪ್ಪಂದವಾಗಿತ್ತು. ಸಂಸ್ಥಾನವನ್ನು ಕೆಲವು ಫೌಜುದಾರಿಗಳಾಗಿ ವಿಂಗಡಿಸಿದ್ದರು. ಪಶ್ಚಿಮೋತ್ತರದ ನಗರದ ಫೌಜುದಾರಿಯೊಳಗೆ ಶಿವಮೊಗ್ಗ, ಹೊನ್ನಾಳಿ, ಶಿಕಾರಿಪುರ, ಸೊರಬ ಮೊದಲಾದ ಸೀಮೆಗಳೆಲ್ಲ ಬರುತ್ತಿದ್ದವು. ನಗರವೆಂದರೆ ಕೆಳದಿಯ ಅರಸರು ಆಳಿದ ಹಳೆಯ ಬಿದನೂರು. ಶಿವಪ್ಪನಾಯಕನು ಭೂಮಿಯನ್ನು ಅಳೆಸಿ, ಫಲವನ್ನು ನೋಡಿ ನಿಗದಿ ಮಾಡಿದ ಶಿಸ್ತು ಆ ಸೀಮೆಯ ರೈತರ ನಾಲಗೆಯ ಮೇಲೆ ಇನ್ನೂ ಇತ್ತು. ಕಂದಾಯಕ್ಕೆ ಒಂದು ಗೊತ್ತು, ಒಂದು ಮೇರೆ ಉಂಟೆಂದು ಅವರು ತಿಳಿದಿದ್ದರು.

ಈಗ ಅಂದಿನ ತಾಲ್ಲೂಕು ಕಚೇರಿಯನ್ನು ಮನಸ್ಸಿನಲ್ಲಿ ಚಿತ್ರಿಸಿಕೊಳ್ಳಿ. ಹಳ್ಳಿಯಲ್ಲಿ ಪಟೇಲ, ಶಾನುಭೋಗ. ತಾಲ್ಲೂಕಿಗೆ ಅಮಲ್ದಾರ. ಕಂದಾಯ ವಸೂಲು ಮಾಡುವವನು ಅವನೇ. ಕಂದಾಚಾರದ ಪೇದೆಗಳನ್ನು ಇಟ್ಟುಕೊಂಡು ಪೊಲೀಸಿನ ಕೆಲಸ ಮಾಡಿಸುವವನೂ ಅವನೇ. ಜಗಳ ತಂಟೆಗಳನ್ನು ವಿಚಾರಿಸುವವನೂ ಅವನೇ. ಅವನ ಮೇಲೆ ಫೌಜುದಾರ. ಫೌಜುದಾರನ ಮೇಲೆ ಮೈಸೂರಿನ ಹುಜೂರು. ಅಮಲ್ದಾರನು ಹೆಚ್ಚಿಗೆ ಹಣ ಕಿತ್ತುಕೊಂಡನೆಂದು ಸೊರಬದ ಒಬ್ಬ ರೈತ ದೂರು ಹೇಳಬೇಕಾದರೆ ಮೊದಲು ಆ ಅಮಲ್ದಾರನಿಗೇ ಹೇಳಬೇಕು! ಅಲ್ಲಿ ಕೆಲಸವಾಗದಿದ್ದರೆ ಫೌಜುದಾರನ ಕಚೇರಿ. ನಗರದಲ್ಲಿ 1799ರ ನಂತರ ಫೌಜುದಾರನಾಗಿದ್ದ ರಾಮರಾಯನ ನಂಟರಿಷ್ಟರೂ ಆಶ್ರಿತರೂ ಆ ಸೀಮೆಯ ಹುದ್ದೆಗಳಲ್ಲಿ ತುಂಬಿಕೊಂಡಿದ್ದರು. ಅಳಿಯನ ಮೇಲಿನ ದೂರನ್ನು ಮಾವನ ಮುಂದೆ ಹೇಳಿದರೆ ಏನು ಫಲವೋ ಅಲ್ಲಿಯೂ ಅಷ್ಟೇ ಫಲ. ಅದನ್ನೂ ಮೀರಿ ಮೈಸೂರಿಗೆ ನಡೆಯುತ್ತೇನೆಂದರೆ, ಇಂದಿನ ರಸ್ತೆಯ ಲೆಕ್ಕದಲ್ಲೇ ಸೊರಬದಿಂದ 300 ಕಿಲೋಮೀಟರಿಗೂ ಹೆಚ್ಚು ದೂರ. ಗದ್ದೆಯ ಕೆಲಸ ಬಿಟ್ಟು, ಬುತ್ತಿ ಕಟ್ಟಿಕೊಂಡು, ಕಾಡು ಹಳ್ಳ ದಾಟಿ ಅಷ್ಟು ದೂರ ಹೋಗಿ ಅರಮನೆಯ ಬಾಗಿಲಲ್ಲಿ ನಿಲ್ಲುವ ರೈತನ ಹೆಸರನ್ನು ಒಳಕ್ಕೆ ಒಯ್ಯುವವರು ಯಾರು?

ಇದರ ಜೊತೆಗೆ ಶರ್ತಿ ಎಂಬುದೊಂದು ಪದ್ಧತಿ ಸಂಸ್ಥಾನದಲ್ಲಿ ಬೇರೂರಿತ್ತು. ಅದರ ಕ್ರಮವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ತಾಲ್ಲೂಕಿನಿಂದ ಈ ವರ್ಷ ಇಷ್ಟು ಹಣ ಎತ್ತಿ ಕೊಡುತ್ತೇನೆಂದು ಅಮಲ್ದಾರನು ಸರ್ಕಾರಕ್ಕೆ ಮುಚ್ಚಳಿಕೆ ಬರೆದುಕೊಡಬೇಕು. ಆ ಮೊತ್ತ ಸಾಮಾನ್ಯವಾಗಿ ಹಿಂದಿನ ವರ್ಷದ ವಸೂಲಿಗಿಂತ ಹೆಚ್ಚಾಗಿರುತ್ತಿತ್ತು. ಕಡಿಮೆ ಬಂದರೆ ಕೊರತೆಯನ್ನು ಅವನೇ ತುಂಬಿಕೊಡಬೇಕು, ಹೆಚ್ಚು ಬಂದರೆ ಹೆಚ್ಚಿನದನ್ನು ಸರ್ಕಾರಕ್ಕೆ ಕಟ್ಟಬೇಕು. ಕೈಯಿಂದ ಹಣ ತುಂಬಲು ಯಾವ ಅಮಲ್ದಾರ ಒಪ್ಪಿಯಾನು? ಹೆಚ್ಚು ಬಂದದ್ದನ್ನು ಪೂರ್ತಿಯಾಗಿ ಲೆಕ್ಕಕ್ಕೆ ತೋರಿಸಲು ಯಾರ ಮನಸ್ಸು ಬಂದೀತು? ಹುದ್ದೆ ಉಳಿಯಬೇಕಾದರೆ ಮುಂದಿನ ವರ್ಷ ಇನ್ನೂ ದೊಡ್ಡ ಮೊತ್ತಕ್ಕೆ ಒಪ್ಪಬೇಕು. ಆ ಹಣವೆಲ್ಲ ಬರುವುದು ರೈತನ ಕಣಜದಿಂದಲೇ.

ಆ ಮುಚ್ಚಳಿಕೆಯಲ್ಲಿ ಇನ್ನೊಂದು ಮಾತೂ ಇರುತ್ತಿತ್ತು. ರೈತರನ್ನು ಪೀಡಿಸುವುದಿಲ್ಲ, ಹೊಸ ತೆರಿಗೆ ಹಾಕುವುದಿಲ್ಲ, ಸರ್ಕಾರದ ಪಾಲಿನ ಧಾನ್ಯವನ್ನು ಕೊಳ್ಳುವಂತೆ ಬಲಾತ್ಕಾರ ಮಾಡುವುದಿಲ್ಲ ಎಂದು ಅಮಲ್ದಾರನು ಅದೇ ಕಾಗದದಲ್ಲಿ ಪ್ರತಿಜ್ಞೆ ಮಾಡುತ್ತಿದ್ದನು. ಓದಿದರೆ ಎಂಥ ಧರ್ಮದ ಮಾತು! ಇಂದಿನ ಯಾವ ನೌಕರರ ನಡತೆಯ ನಿಯಮಗಳಿಗೂ ಅದು ಕಡಿಮೆಯಲ್ಲ. ಆದರೆ ಪ್ರತಿಜ್ಞೆ ಮುರಿದರೆ ವಿಚಾರಿಸುವವರು ಇರಲಿಲ್ಲ. ಹಣದ ಮಾತಿಗೆ ಖಜಾನೆಯ ಕಾವಲಿತ್ತು, ಧರ್ಮದ ಮಾತಿಗೆ ಯಾರ ಕಾವಲೂ ಇರಲಿಲ್ಲ. ಒಂದೇ ಕಾಗದದ ಮೇಲಿನ ಎರಡು ಮಾತುಗಳಲ್ಲಿ ಒಂದು ಕಬ್ಬಿಣವಾಯಿತು, ಇನ್ನೊಂದು ಮಸಿಯಾಗಿಯೇ ಉಳಿಯಿತು.

ಎಚ್ಚರಿಕೆ ಹೇಳಿದವರು ಇರಲಿಲ್ಲವೆಂದಲ್ಲ. 1825ರಲ್ಲಿ ಮದರಾಸಿನ ಗವರ್ನರ್ ಸರ್ ಥಾಮಸ್ ಮನ್ರೋ ಮೈಸೂರಿಗೆ ಬಂದು, ಆಡಳಿತ ಹದಗೆಡುತ್ತಿದೆಯೆಂದು ದೊರೆಗಳಿಗೆ ನೇರವಾಗಿ ತಿಳಿಸಿದನು. ಅವನ ಚಿಂತೆ ಮುಖ್ಯವಾಗಿ ಖಜಾನೆಯದು, ಪೊಗದಿ ನಿಂತುಹೋಗಬಾರದೆಂಬುದು. ಸೊರಬದ ಗದ್ದೆಯ ಬದುವಿನ ಮೇಲೆ ನಡೆಯುತ್ತಿದ್ದುದು ಆ ಲೆಕ್ಕದ ಪುಸ್ತಕದಲ್ಲಿ ಕಾಣುತ್ತಿರಲಿಲ್ಲ.

ಇನ್ನೊಂದು ವಿಚಿತ್ರವನ್ನು ಗಮನಿಸಬೇಕು. ನಗರದ ಹಳೆಯ ಅಧಿಕಾರಿಗಳು ಕಂದಾಯ ಮಾಫಿಯ ಹೆಸರಿನಲ್ಲಿ ಮೋಸ ಮಾಡಿದ್ದಾರೆಂಬ ಅನುಮಾನ ಅರಮನೆಗೆ ಬಂದಿತು. ಅದನ್ನು ಪತ್ತೆಮಾಡಲೆಂದೇ 1820ರ ದಶಕದ ಕೊನೆಯಲ್ಲಿ ವೀರರಾಜೇ ಅರಸು ಎಂಬವರನ್ನು ಫೌಜುದಾರರನ್ನಾಗಿ ಕಳುಹಿಸಿದರು. ಅವರು ಹಳೆಯ ಲೆಕ್ಕಗಳನ್ನು ತೆಗೆಸಿ ನೋಡಿ, ಅನ್ಯಾಯವಾಗಿ ಬಿಟ್ಟುಕೊಟ್ಟ ಬಾಕಿಗಳಿವೆಯೆಂದು ಕಂಡು, ಆ ಬಾಕಿಗಳನ್ನು ಮತ್ತೆ ಜಾರಿಗೆ ತಂದರು. ತಪ್ಪು ಮಾಡಿದ್ದರೆ ಅಧಿಕಾರಿ ಮಾಡಿದ್ದನು. ದಂಡ ಬಿದ್ದದ್ದು ರೈತನ ಮೇಲೆ. ತೀರಿತೆಂದು ನಂಬಿದ್ದ ಸಾಲ ಮತ್ತೆ ಬಾಗಿಲಿಗೆ ಬಂದು ನಿಂತಿತು. ಲಂಚಗುಳಿತನದ ತನಿಖೆ ಕೂಡ ಬಡವನ ಮಾತನ್ನು ಕೇಳದೆ ನಡೆದರೆ ಇನ್ನೊಂದು ಪೀಡೆಯಾಗುತ್ತದೆ ಎಂಬುದಕ್ಕೆ ಇದು ನಿದರ್ಶನ. ಅಧಿಕಾರ ಕಳೆದುಕೊಳ್ಳುವ ಭಯದಲ್ಲಿದ್ದ ಹಳೆಯ ಗುಂಪಿನವರು ಈ ಅಸಮಾಧಾನಕ್ಕೆ ಒಳಗಿಂದೊಳಗೆ ಗಾಳಿ ಹಾಕಿದರು.

1830ರಲ್ಲಿ ರೈತರು ಕೂಟ ಸೇರತೊಡಗಿದರು. ಕೂಟವೆಂಬ ಈ ಮಾತನ್ನು ನೆನಪಿನಲ್ಲಿಡಿ. ಒಬ್ಬನ ಅರ್ಜಿಗೆ ಕಿವಿಯಿಲ್ಲದಿದ್ದಾಗ ಸಾವಿರ ಜನ ಒಂದೆಡೆ ನಿಂತು ಹೇಳುವುದೇ ಕೂಟ. ಪಟೇಲರೂ ರೈತರೂ ಬಸವಾಪಟ್ಟಣ ಮೊದಲಾದ ಕಡೆ ನೆರೆದರು. ಊರಿಂದೂರಿಗೆ ಕರೆ ಹೋಯಿತು. ಕಂದಾಯ ಕೊಡುವುದಿಲ್ಲವೆಂದರು. ಅದೇ 1830–31ರಲ್ಲಿ ಘಟ್ಟದ ಕೆಳಗೆ, ಕಂಪನಿಯೇ ನೇರವಾಗಿ ಆಳುತ್ತಿದ್ದ ಕನ್ನಡ ಜಿಲ್ಲೆಯಲ್ಲಿಯೂ ರೈತರ ಕೂಟಗಳು ನಡೆದವು. ಅಲ್ಲಿಯೂ ಕಂದಾಯದ ಭಾರದ ಮೇಲೆ ಅರ್ಜಿಗಳು ಹೊರಟವು. ಆಳುವವರು ಮೈಸೂರಿನವರಾದರೇನು, ಇಂಗ್ಲೆಂಡಿನವರಾದರೇನು, ಕೇಳುವ ಕಿವಿಯಿಲ್ಲದ ಕಡೆಯಲ್ಲೆಲ್ಲ ಜನ ಹಿಡಿದ ದಾರಿ ಒಂದೇ ಆಗಿತ್ತು.

ಕೂಟ ಸೇರಿದ ಜನ ಮೊದಲು ಕೇಳಿದ್ದು ನ್ಯಾಯವನ್ನು. ಆದರೆ ಕೋಪಗೊಂಡ ಜನಸಮೂಹಕ್ಕೆ ನಾಯಕರು ಎಲ್ಲಿಂದಲೋ ಒದಗುತ್ತಾರೆ. ಬೂದಿ ಬಸವಪ್ಪನೆಂಬವನು ತಾನೇ ಹಳೆಯ ನಗರದ ಅರಸರ ವಾರಸುದಾರನೆಂದು ಹೇಳಿಕೊಂಡು ಮುಂದೆ ಬಂದನು. ತರೀಕೆರೆಯ ಪಾಳೆಯಗಾರರ ಮನೆತನದವರು ತಮ್ಮ ಹಳೆಯ ಸೇಡನ್ನು ತೀರಿಸಿಕೊಳ್ಳಲು ಕೂಡಿಕೊಂಡರು. ಅಮಲ್ದಾರನ ಮೇಲಿನ ದೂರು ಹೀಗೆ ಸಿಂಹಾಸನದ ಜಗಳವಾಗಿ ಬೆಳೆಯಿತು. ಮೈಸೂರಿನ ಪಡೆಗಳು ಬಂದವು. ಅವುಗಳಿಂದ ಆಗದೆ ಕಂಪನಿಯ ಪಡೆಗಳು ಬಂದವು. 1831ರ ಜೂನ್ ತಿಂಗಳಲ್ಲಿ ನಗರದ ಕೋಟೆ ಅವರ ವಶವಾಯಿತು. ಕೋಟೆ ಬಿದ್ದ ಮೇಲೂ ಕೆಲವು ಗುಂಪುಗಳು ಕಾಡಿನಲ್ಲಿ ಉಳಿದವು. ನಡುವೆ ಸಿಕ್ಕಿದ ಹಳ್ಳಿಯವರನ್ನು ಎರಡು ಕಡೆಯವರೂ ಸುಲಿದರು, ಕೊಂದರು, ಗಲ್ಲಿಗೇರಿಸಿದರು. ಯಾರು ದೂರು ಹೇಳಿದ್ದರೋ ಅವರೇ ಹೆಚ್ಚಾಗಿ ಸತ್ತರು.

ಇನ್ನು ಮೇಲಿನವರ ಕಥೆ. ಗವರ್ನರ್ ಜನರಲ್ ಲಾರ್ಡ್ ವಿಲಿಯಂ ಬೆಂಟಿಂಕನು ತನಗೆ ಬಂದ ವರದಿಗಳನ್ನು ನಂಬಿ, 1831ರ ಸೆಪ್ಟೆಂಬರಿನಲ್ಲಿ ಕೃಷ್ಣರಾಜ ಒಡೆಯರಿಗೆ ಪತ್ರ ಬರೆದು, ಸಂಸ್ಥಾನದ ಆಡಳಿತವನ್ನು ಕಂಪನಿ ವಹಿಸಿಕೊಳ್ಳುವುದೆಂದು ತಿಳಿಸಿದನು. ಅಕ್ಟೋಬರ್ 19ರಂದು ಅದು ಜಾರಿಗೆ ಬಂತು. ದೊರೆಗಳ ಉತ್ತರವನ್ನು ಕೇಳಿ ವಿಚಾರಣೆ ನಡೆಸಿದ್ದು ಆಮೇಲೆ! ದಂಗೆಯ ಕಾರಣಗಳನ್ನು ವಿಚಾರಿಸಲು ಮೇಜರ್ ಜನರಲ್ ಹಾಕರ್, ಕರ್ನಲ್ ಮಾರಿಸನ್, ಮೆಕ್ಲಿಯಡ್, ಲೆಫ್ಟಿನೆಂಟ್ ಕರ್ನಲ್ ಮಾರ್ಕ್ ಕಬ್ಬನ್ ಎಂಬ ನಾಲ್ವರ ಸಮಿತಿಯನ್ನು ನೇಮಿಸಿದರು. ಅವರು ಹೇಳಿಕೆಗಳನ್ನು ಪಡೆದು, ಲೆಕ್ಕಪತ್ರಗಳನ್ನು ನೋಡಿ, 1833ರ ಡಿಸೆಂಬರಿನಲ್ಲಿ ವರದಿ ಒಪ್ಪಿಸಿದರು. ತೀರ್ಪು 1831ರಲ್ಲಿ, ವಿಚಾರಣೆಯ ಫಲ 1833ರಲ್ಲಿ!

ಆ ವರದಿಯಲ್ಲಿ ರೈತರ ಗೋಳು ಸುಳ್ಳಲ್ಲವೆಂದು ತಿಳಿದುಬಂತು. ಶರ್ತಿ ಪದ್ಧತಿ, ಹುದ್ದೆಗಳ ವ್ಯಾಪಾರ, ಅಧಿಕಾರಿಗಳ ಸುಲಿಗೆ ಎಲ್ಲವೂ ಅದರಲ್ಲಿ ಬಂದವು. ಆದರೆ ದೊರೆಗಳ ವಿಷಯವಾಗಿ ಬೆಂಟಿಂಕನ ಕಿವಿಗೆ ಬಿದ್ದಿದ್ದ ಮಾತುಗಳಲ್ಲಿ ಅತಿಶಯವಿತ್ತೆಂಬುದೂ ಹೊರಬಿದ್ದಿತು. ರಾಜ್ಯಭಾರ ಕಿತ್ತುಕೊಳ್ಳಲು ಮುಂದೊಡ್ಡಿದ್ದ ಕಾರಣ ಕಂಪನಿಯ ಪೊಗದಿಗೆ ಅಪಾಯವಿದೆಯೆಂಬುದು. ಆದರೆ ದೊರೆಗಳ ಸರ್ಕಾರ ಪೊಗದಿ ಸಲ್ಲಿಸುವುದನ್ನು ತಪ್ಪಿಸಿರಲಿಲ್ಲ. ಬೆಂಟಿಂಕನೇ ಮುಂದೆ ತನ್ನ ನಿರ್ಧಾರದ ಬಗೆಗೆ ನೊಂದುಕೊಂಡು, ರಾಜ್ಯದ ಬಹುಭಾಗವನ್ನು ದೊರೆಗಳಿಗೆ ಹಿಂದಿರುಗಿಸಬೇಕೆಂದು ಸೂಚಿಸಿದನು. ವಿಲಾಯತಿಯ ಮೇಲಧಿಕಾರಿಗಳು ಒಪ್ಪಲಿಲ್ಲ. ಮೈಸೂರಿಗೆ ಆಡಳಿತ ಹಿಂದಿರುಗಿದ್ದು ಐವತ್ತು ವರ್ಷಗಳ ಮೇಲೆ, 1881ರಲ್ಲಿ. ಕೃಷ್ಣರಾಜ ಒಡೆಯರು ಅದನ್ನು ನೋಡಲು ಬದುಕಿರಲಿಲ್ಲ. ಅವರು 1868ರಲ್ಲಿಯೇ ತೀರಿಕೊಂಡಿದ್ದರು.

ಇಲ್ಲಿ ಸ್ವಲ್ಪ ನಿಂತು ಯೋಚಿಸಿ. ಈ ಕಥೆಯಲ್ಲಿ ಇಬ್ಬರು ದೂರು ಹೇಳಿಕೊಳ್ಳಬೇಕಾದವರಿದ್ದಾರೆ. ಒಬ್ಬನು ಹಳ್ಳಿಯ ರೈತ. ಆತನ ದೂರನ್ನು ದೂರಿಗೆ ಗುರಿಯಾದವರೇ ಕೇಳುತ್ತಿದ್ದರು. ಎಂದರೆ ಯಾರೂ ಕೇಳುತ್ತಿರಲಿಲ್ಲ. ಇನ್ನೊಬ್ಬರು ದೊರೆಗಳು. ಅವರ ಮೇಲೆ ಬಂದ ದೂರನ್ನು ಅವರ ಉತ್ತರ ಕೇಳುವ ಮೊದಲೇ ತೀರ್ಮಾನಿಸಿಬಿಟ್ಟರು. ರೈತನಿಗೆ ಸಿಕ್ಕದ್ದು ಸ್ವತಂತ್ರವಾದ ಕಿವಿ. ದೊರೆಗೆ ಸಿಕ್ಕದ್ದು ಉತ್ತರ ಹೇಳುವ ಅವಕಾಶ. ಅಧಿಕಾರಿಗಳ ಮೇಲಿನ ದೂರನ್ನು ಕುರಿತು ಮುಂದೆ ನಮ್ಮ ದೇಶದಲ್ಲಿ ಹುಟ್ಟಿದ ಕಾನೂನುಗಳೆಲ್ಲ ಈ ಎರಡು ಕೊರತೆಗಳನ್ನು ತುಂಬುವ ಪ್ರಯತ್ನಗಳೇ ಎಂದರೆ ತಪ್ಪಾಗದು.

ಸಮಿತಿಯಲ್ಲಿದ್ದ ಮಾರ್ಕ್ ಕಬ್ಬನ್ನನೇ 1834ರಲ್ಲಿ ಕಮಿಷನರ್ ಆಗಿ, 1861ರ ತನಕ ಮೈಸೂರನ್ನು ಆಳಿದನು. ಜನರ ದೂರನ್ನು ಕಾಗದದ ಮೇಲೆ ಓದಿದವನು ಅವನು. ಅವನ ಕಾಲದಲ್ಲಿ 769 ಬಗೆಯ ಚಿಲ್ಲರೆ ತೆರಿಗೆಗಳನ್ನು ಎತ್ತಿಹಾಕಿದರು. ಮದುವೆಗೊಂದು, ಮಗು ಹುಟ್ಟಿದರೊಂದು, ಹೆಸರಿಟ್ಟರೊಂದು, ತಲೆ ಬೋಳಿಸಿದರೊಂದು ತೆರಿಗೆ ಇದ್ದ ಕಾಲವದು. ಒಂದು ಹಳ್ಳಿಯವರ ಪೂರ್ವಿಕರು ಪಾಳೆಯಗಾರನ ತಪ್ಪಿಸಿಕೊಂಡ ಕುದುರೆಯನ್ನು ಹುಡುಕಿಕೊಡಲಿಲ್ಲವೆಂದು ಆ ಹಳ್ಳಿಗೆ ತೆರಿಗೆ! ನಗರದ ಸೀಮೆಯಲ್ಲಿ ಒಂದು ಜಾಗವನ್ನು ದಾಟುವಾಗ ಕೈಗಳನ್ನು ಮೈಗೆ ಅಂಟಿಸಿಕೊಂಡು ನಡೆಯದಿದ್ದರೆ ಅದಕ್ಕೂ ತೆರಿಗೆ! ಕೇಳಿದರೆ ನಗು ಬರುತ್ತದೆ. ಕೊಟ್ಟವರಿಗೆ ನಗು ಬಂದಿರಲಾರದು. ಯಾರೂ ಪ್ರಶ್ನಿಸದೆ ಬಿಟ್ಟ ಅನ್ಯಾಯ ಹೇಗೆ ಮಾಮೂಲಾಗಿ, ಮಾಮೂಲು ಹೇಗೆ ಕಾನೂನಾಗಿ ನಿಲ್ಲುತ್ತದೆ ಎಂಬುದನ್ನು ಈ ಪಟ್ಟಿ ತೋರಿಸುತ್ತದೆ.

1881ರಲ್ಲಿ ದಿವಾನ್ ಸಿ. ರಂಗಾಚಾರ್ಲು ಅವರು ಇನ್ನೊಂದು ಹೆಜ್ಜೆ ಮುಂದಿಟ್ಟರು. ದಸರೆಯ ಸಮಯದಲ್ಲಿ ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆಯನ್ನು ಕೂಡಿಸಿದರು. ಪ್ರತಿ ತಾಲ್ಲೂಕಿನಿಂದಲೂ ಒಬ್ಬಿಬ್ಬರು ಬೇಸಾಯದ ಹಿಡುವಳಿದಾರರು ಬರಬೇಕೆಂದು ಆಜ್ಞೆಯಾಯಿತು. ಮೊದಲ ಸಭೆಗೆ 144 ಮಂದಿ ಬಂದರು. ಕಾನೂನು ಮಾಡುವ ಅಧಿಕಾರ ಆ ಸಭೆಗಿರಲಿಲ್ಲ. ಆದರೂ ತಾಲ್ಲೂಕಿನ ರೈತನೊಬ್ಬನು ಎದ್ದು ನಿಂತು, ನಮ್ಮ ಕೆರೆ ಒಡೆದಿದೆ, ನಮ್ಮ ಕಚೇರಿಯಲ್ಲಿ ಹೀಗೆ ನಡೆಯುತ್ತಿದೆ ಎಂದು ದಿವಾನರ ಮುಖಕ್ಕೆ ಮುಖ ಕೊಟ್ಟು ಹೇಳಬಹುದಾಯಿತು. ಐವತ್ತು ವರ್ಷಗಳ ಹಿಂದೆ ಸೊರಬದಿಂದ ಮೈಸೂರಿಗೆ ಇದ್ದ ದೂರ ಕಿಲೋಮೀಟರಿನ ಲೆಕ್ಕದಲ್ಲಿ ಹಾಗೆಯೇ ಉಳಿದಿತ್ತು. ಆದರೆ ಆ ದಾರಿಯ ಕೊನೆಯಲ್ಲಿ ಈಗ ಒಂದು ಬಾಗಿಲು ತೆರೆದಿತ್ತು. ಆಮೇಲೆ 1902ರ ಕಾನೂನಿನಿಂದ ಜಿಲ್ಲಾ ಬೋರ್ಡು, ತಾಲ್ಲೂಕು ಬೋರ್ಡುಗಳು ಬಂದವು. ಮುಂದೆ ಗ್ರಾಮಪಂಚಾಯತಿಗಳೂ ಬೆಳೆದವು.

ಶಿಕಾರಿಪುರ ತಾಲ್ಲೂಕಿನ ಈಸೂರಿನ ಹೆಸರನ್ನು ಇಲ್ಲಿ ಹೇಳದೆ ಮುಂದೆ ಹೋಗುವಂತಿಲ್ಲ. 1942ರ ಸೆಪ್ಟೆಂಬರಿನಲ್ಲಿ ಆ ಊರಿನವರು ಕಂದಾಯ ವಸೂಲಿಗೆ ಬಂದವರಿಂದ ಲೆಕ್ಕದ ಪುಸ್ತಕಗಳನ್ನು ಕಿತ್ತುಕೊಂಡು, ತಮ್ಮದೇ ಸರ್ಕಾರವನ್ನು ಸಾರಿ, ಒಬ್ಬ ಬಾಲಕನನ್ನು ಅಮಲ್ದಾರನನ್ನಾಗಿ ಮಾಡಿಕೊಂಡರು. ಆಮೇಲಿನ ಘರ್ಷಣೆಯಲ್ಲಿ ನಿಜವಾದ ಅಮಲ್ದಾರರೂ ಪೊಲೀಸ್ ಸಬ್ ಇನ್‌ಸ್ಪೆಕ್ಟರೂ ಸತ್ತರು. 1943ರ ಮಾರ್ಚಿನಲ್ಲಿ ಊರಿನ ಐವರನ್ನು ಗಲ್ಲಿಗೇರಿಸಿದರು. ಈಸೂರಿನದು ದೇಶದ ಸ್ವಾತಂತ್ರ್ಯದ ಹೋರಾಟ. ಅದನ್ನು ಅಮಲ್ದಾರನ ಮೇಲಿನ ಒಂದು ದೂರಿನ ಮಟ್ಟಕ್ಕೆ ಇಳಿಸುವುದು ಸಲ್ಲದು. ಆದರೂ ಊರಿನವರ ಕೈ ಮೊದಲು ಹೋದದ್ದು ಲೆಕ್ಕದ ಪುಸ್ತಕಕ್ಕೆ ಎಂಬುದನ್ನು ಗಮನಿಸಿ. ತಮ್ಮ ಹೆಸರಿನಲ್ಲಿ ಏನು ಬರೆದಿದ್ದಾರೆಂದು ತಮಗೇ ತಿಳಿಯದ ಆ ಪುಸ್ತಕವೇ ಜನರ ಕಣ್ಣಿಗೆ ಅಧಿಕಾರದ ಗುರುತಾಗಿತ್ತು.

ಇಂದು ಆ ಪುಸ್ತಕವನ್ನು ಕಿತ್ತುಕೊಳ್ಳಬೇಕಾಗಿಲ್ಲ, ಕೇಳಿ ಪಡೆಯಬಹುದು. 2005ರ ಮಾಹಿತಿ ಹಕ್ಕಿನ ಕಾನೂನಿನಂತೆ 10 ರೂಪಾಯಿ ಶುಲ್ಕ ಕಟ್ಟಿ ಅರ್ಜಿ ಹಾಕಿದರೆ ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ಬರಬೇಕು. ಗ್ರಾಮಪಂಚಾಯತಿಯ ಲೆಕ್ಕವನ್ನು ವರ್ಷಕ್ಕೊಮ್ಮೆ ಊರಿನವರ ಮುಂದೆ ತೆರೆದು ಓದುವ ಪದ್ಧತಿಯೂ ಇದೆ. ಅದಕ್ಕೆ ಜಮಾಬಂದಿ ಎಂದು ಹೆಸರು. ಹೆಸರು ಹಳೆಯದು, ಅರ್ಥ ತಿರುಗಿದೆ. ಹಿಂದೆ ಜಮಾಬಂದಿಯೆಂದರೆ ಅಧಿಕಾರಿಯು ರೈತನಿಂದ ಬರಬೇಕಾದ ಹಣದ ಲೆಕ್ಕ ಕಟ್ಟುವುದು. ಈಗ ರೈತನೇ ಪಂಚಾಯತಿಯ ಲೆಕ್ಕ ಕೇಳುವುದು. ನಿಮ್ಮ ಊರಿನ ಜಮಾಬಂದಿಗೆ ನೀವು ಎಂದಾದರೂ ಹೋಗಿದ್ದೀರಾ?

ಲೆಕ್ಕ ನೋಡಿದ ಮೇಲೂ ಅನ್ಯಾಯ ಕಂಡರೆ ಕರ್ನಾಟಕದಲ್ಲಿ ಲೋಕಾಯುಕ್ತ ಸಂಸ್ಥೆಯುಂಟು. 1984ರ ಕಾನೂನಿನಂತೆ ಹುಟ್ಟಿ, 1986ರಿಂದ ಕೆಲಸ ಮಾಡುತ್ತಿದೆ. ಅದರ ತಲೆಯಲ್ಲಿ ಇರುವವರು ನ್ಯಾಯಾಲಯದ ಪೀಠದಲ್ಲಿ ಕುಳಿತು ಬಂದವರು. ಅವರು ಯಾವ ಅಮಲ್ದಾರನ ನಂಟರೂ ಅಲ್ಲ, ಯಾವ ಇಲಾಖೆಯ ಕೈಕೆಳಗಿನವರೂ ಅಲ್ಲ. 1830ರಲ್ಲಿ ರೈತನಿಗೆ ಸಿಕ್ಕದ ಸ್ವತಂತ್ರವಾದ ಕಿವಿ ಇದು. ದೂರನ್ನು ಗೊತ್ತಾದ ನಮೂನೆಯಲ್ಲಿ ಬರೆದು, ಜೊತೆಗೆ ಪ್ರಮಾಣಪತ್ರವನ್ನು ಸೇರಿಸಬೇಕು. ಕೆಲಸ ಮಾಡಿಕೊಡದೆ ಸತಾಯಿಸಿದರೆಂಬ ಕುಂದುಕೊರತೆಯಾದರೆ ಅದು ತಿಳಿದ 6 ತಿಂಗಳೊಳಗೆ, ಲಂಚ ಮತ್ತು ಅಧಿಕಾರದ ದುರುಪಯೋಗದಂಥ ಆರೋಪವಾದರೆ 5 ವರ್ಷಗಳೊಳಗೆ ಕೊಡಬೇಕು. ವಿಚಾರಣೆಗೆ ತೆಗೆದುಕೊಂಡ ದೂರಿನ ಪ್ರತಿಯನ್ನು ಆರೋಪಕ್ಕೆ ಗುರಿಯಾದ ನೌಕರನಿಗೆ ಕಳುಹಿಸಿ ಆತನ ಉತ್ತರವನ್ನೂ ಕೇಳುತ್ತಾರೆ. ಬೇಕೆಂದೇ ಸುಳ್ಳು ದೂರು ಕೊಟ್ಟರೆ ಶಿಕ್ಷೆಯುಂಟು.

ಪ್ರಮಾಣಪತ್ರವೇತಕ್ಕೆ, ಈ ತಾಪತ್ರಯವೇತಕ್ಕೆ, ಒಂದು ಮೂಗರ್ಜಿ ಬರೆದು ಅಂಚೆಗೆ ಹಾಕಿದರೆ ಸಾಲದೇ ಎಂದು ಕೆಲವರು ಕೇಳುತ್ತಾರೆ. 1831ರ ದೊರೆಗಳನ್ನು ನೆನಪು ಮಾಡಿಕೊಳ್ಳಿ. ಎದುರು ಉತ್ತರ ಕೇಳದೆ ನಂಬಿದ ಮಾತು ಎಂಥ ಅನರ್ಥ ಮಾಡಿತು! ನಮ್ಮ ಊರಿನ ಬಿಲ್ ಕಲೆಕ್ಟರಿಗೂ, ಪಂಚಾಯತಿಯ ಕಾರ್ಯದರ್ಶಿಗೂ ಹೆಂಡತಿ ಮಕ್ಕಳಿದ್ದಾರೆ, ಮಾನವಿದೆ. ಹಗೆ ಸಾಧಿಸುವವನ ಕೈಯಲ್ಲಿ ದೂರು ಕೂಡ ಒಂದು ಆಯುಧ. ಹೆಸರು ಹಾಕಿ, ಪ್ರಮಾಣ ಮಾಡಿ, ಇಂಥ ದಿನ ಇಂಥ ಕಚೇರಿಯಲ್ಲಿ ಇಷ್ಟು ಹಣ ಕೇಳಿದರು ಎಂದು ಬರೆಯುವವನು ತನ್ನ ಮಾತಿಗೆ ತಾನೇ ಜಾಮೀನಾಗುತ್ತಾನೆ. ಆಗ ಅದನ್ನು ಕಸದ ಬುಟ್ಟಿಗೆ ಹಾಕುವುದು ಯಾರಿಗೂ ಸುಲಭವಲ್ಲ.

ಎಲ್ಲವೂ ಸರಿಹೋಗಿದೆಯೆಂದು ನಾನು ಹೇಳುತ್ತಿಲ್ಲ. ಲೋಕಾಯುಕ್ತರು ಶಿಫಾರಸು ಮಾಡಬಲ್ಲರು, ಕ್ರಮ ಕೈಗೊಳ್ಳಬೇಕಾದುದು ಸರ್ಕಾರ. 2016ರಲ್ಲಿ ಲಂಚದ ಮೊಕದ್ದಮೆಗಳ ತನಿಖೆಯನ್ನು ಲೋಕಾಯುಕ್ತ ಪೊಲೀಸರಿಂದ ತೆಗೆದು, ಸರ್ಕಾರದ ಕೈಕೆಳಗಿನ ಭ್ರಷ್ಟಾಚಾರ ನಿಗ್ರಹ ದಳಕ್ಕೆ ಕೊಟ್ಟರು. 2022ರ ಆಗಸ್ಟ್ 11ರಂದು ರಾಜ್ಯದ ಹೈಕೋರ್ಟು ಆ ದಳವನ್ನು ರದ್ದುಮಾಡಿ ಕೆಲಸವನ್ನು ಲೋಕಾಯುಕ್ತಕ್ಕೇ ಹಿಂದಿರುಗಿಸಿತು. ದೂರು ಕೇಳುವ ಕಿವಿ ಯಾರ ತಲೆಗೆ ಅಂಟಿರಬೇಕೆಂಬ ಶರ್ತಿಯ ಕಾಲದ ಪ್ರಶ್ನೆ ಇನ್ನೂ ಹಳತಾಗಿಲ್ಲವೆಂಬುದಕ್ಕೆ ಇಷ್ಟು ಸಾಕು.

ಆದ್ದರಿಂದ ಗೃಹಸ್ಥರಾದ ನಿಮ್ಮಲ್ಲಿ ನನ್ನದೊಂದು ಬಿನ್ನಹ. ಸಣ್ಣ ಅನ್ಯಾಯವನ್ನು ಹೋಗಲಿ ಬಿಡು ಎಂದು ಬಿಡಬೇಡಿ. ಹಾಗೆ ಬಿಟ್ಟವೇ ಕೂಡಿ 769 ತೆರಿಗೆಗಳಾದದ್ದು. ಕೋಪದಲ್ಲಿಯೂ ಬರೆಯಬೇಡಿ. ತಾರೀಖು, ಹಣ, ಹುದ್ದೆ, ರಸೀದಿ ಇಷ್ಟನ್ನು ಸರಿಯಾಗಿ ಗುರುತಿಟ್ಟುಕೊಳ್ಳಿ, ಕೊಟ್ಟ ಪ್ರತಿಯೊಂದು ಕಾಗದದ ನಕಲನ್ನು ಮನೆಯ ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳಿ. ಓದುಬರಹ ಬಾರದ ನೆರೆಯವರು ಬಂದು, ಸ್ವಾಮಿ ಒಂದು ಅರ್ಜಿ ಬರೆದುಕೊಡಿ ಎಂದರೆ ಬೇಸರಪಡದೆ ಕುಳಿತು ಬರೆದುಕೊಡಿ. ಶಿಕಾರಿಪುರ, ಸೊರಬದ ರೈತರಿಗೆ ನೂರತೊಂಬತ್ತು ವರ್ಷಗಳ ಹಿಂದೆ ಅಷ್ಟು ಉಪಕಾರ ಮಾಡುವವರು, ಬರೆದದ್ದನ್ನು ಕೇಳುವವರು ಇದ್ದಿದ್ದರೆ ಎಷ್ಟೋ ಜೀವಗಳು ಉಳಿಯುತ್ತಿದ್ದವು.

ಇನ್ನೊಂದು ಮಾತು ಹೇಳಿ ಮುಗಿಸುತ್ತೇನೆ. ನಿಮ್ಮ ಕಚೇರಿಗಳಲ್ಲಿ ನ್ಯಾಯವಾಗಿ ನಡೆದುಕೊಳ್ಳುವವರೂ ಇದ್ದಾರೆ. ಅವರ ಕೆಲಸಕ್ಕೆ ಯಾರೂ ಇಂದು ಶಾಸನ ಹಾಕಿಸುವುದಿಲ್ಲ. ಅಂಥವರನ್ನು ಕಂಡಾಗ ಅದನ್ನೂ ಮೇಲಿನವರಿಗೆ ಎರಡು ಸಾಲು ಬರೆದು ತಿಳಿಸಿ. ಬಂದಳಿಕೆಯ ಕಲ್ಲು ಜಕ್ಕಿಯಬ್ಬೆಗೆ ಮಾಡಿದ್ದು ಇಷ್ಟನ್ನೇ.